ನಾಯಕರ ಪುಟದಲ್ಲಿ ‘ಸುಳ್ಳು’ ಎನ್ನುವ ಪದ

ಇಂಗ್ಲಿಷ್ ವಿಕಿಪೀಡಿಯದಲ್ಲಿ ಡೊನಾಲ್ಡ್ ಟ್ರಂಪ್ ಅವರ ಪುಟ ತೆರೆದು, ಅದರ ಚರ್ಚೆ ಪುಟಕ್ಕೆ ಹೋಗಿ ನೋಡಿ. ಅಲ್ಲಿ ನಂಬರ್ ಹಾಕಿದ ಉದ್ದನೆಯ ಪಟ್ಟಿಯೊಂದಿದೆ. ಯಾವ ಸಂಗತಿಯನ್ನು ಯಾವ ಪದದಲ್ಲಿ ಬರೆಯಬೇಕು ಅಂತ ಸಂಪಾದಕರು ತಿಂಗಳುಗಟ್ಟಲೆ ವಾದ ಮಾಡಿ ಕೊನೆಗೆ ಒಪ್ಪಿಕೊಂಡ ತೀರ್ಮಾನಗಳು ಅವು. ಅದರಲ್ಲಿ 22ನೆಯದು ನನಗೆ ತುಂಬಾ ಮುಖ್ಯ. ವಿಕಿಪೀಡಿಯ ತನ್ನದೇ ದನಿಯಲ್ಲಿ ಅವರನ್ನು ಸುಳ್ಳುಗಾರ ಅಂತ ಕರೆಯಬಾರದು. ಅವರು ಆಡಿದ, ನಿಜವಲ್ಲದ ಮಾತುಗಳನ್ನು ದಾಖಲಿಸಬಹುದು. ಆದರೆ ಅವುಗಳನ್ನು ‘ಲೈ’ ಅನ್ನುವಾಗ ಎಚ್ಚರ ಇರಲಿ, ಆ ಪದ ಕೆಟ್ಟ ಉದ್ದೇಶವನ್ನೂ ಸೇರಿಸಿ ಹೇಳುತ್ತದೆ. ಇಷ್ಟು ಅದರ ಸಾರ. 2017ರ ಆಗಸ್ಟ್‌ನಲ್ಲಿ ಆದ ತೀರ್ಮಾನ ಇದು.

ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಷ್ಟೊಂದು ವಾದವಾ ಅಂತ ಕೆಲವರು ಕೇಳುತ್ತಾರೆ. ನಾನು ಇಪ್ಪತ್ತು ವರ್ಷದಿಂದ ಪತ್ರಿಕೆಯ ಡೆಸ್ಕಿನಲ್ಲಿ ಕೂತು ವರದಿ ತಿದ್ದುವವನು. ರಾತ್ರಿ ಮನೆಗೆ ಬಂದ ಮೇಲೆ ವಿಕಿಪೀಡಿಯ ತಿದ್ದುತ್ತೇನೆ. ನನ್ನ ಕೆಲಸದಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲವೇ ಅಲ್ಲ. ಒಬ್ಬರ ಮಾತು ನಿಜವಲ್ಲ ಅಂತ ತೋರಿಸಲು ದಾಖಲೆ ಸಾಕು. ಗೊತ್ತಿದ್ದೂ ಬೇಕಂತಲೇ ಹಾಗೆ ಹೇಳಿದರು ಅನ್ನಬೇಕಾದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಿರಬೇಕು. ಅದು ಯಾವ ಸಂಪಾದಕನಿಗೆ ಗೊತ್ತಿರುತ್ತದೆ? ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯವರು ಟ್ರಂಪ್ ಅವರ ಮೊದಲ ಅವಧಿಯ ನಾಲ್ಕು ವರ್ಷದಲ್ಲಿ ಇಂಥ 30,573 ಮಾತುಗಳನ್ನು ಲೆಕ್ಕ ಹಾಕಿದರು. ಆ ಪಟ್ಟಿಗೂ ಅವರು ಇಟ್ಟ ಹೆಸರು ‘ನಿಜವಲ್ಲದ ಅಥವಾ ದಾರಿ ತಪ್ಪಿಸುವ ಮಾತುಗಳು’ ಅಂತಲೇ.

ಈಗ ಇದನ್ನು ಕನ್ನಡದಲ್ಲಿ ಬರೆಯಲು ಕೂತುಕೊಳ್ಳಿ. ಇಂಗ್ಲಿಷಿನಲ್ಲಿ ‘ಫಾಲ್ಸ್’ ಬೇರೆ, ‘ಲೈ’ ಬೇರೆ. ನಮಗೆ ಎರಡಕ್ಕೂ ಒಂದೇ ಸುಳ್ಳು! ಹಾಗಂತ ನಮ್ಮಲ್ಲಿ ವ್ಯತ್ಯಾಸವೇ ಇಲ್ಲ ಅಂತಲ್ಲ. ಅದು ಪದದಲ್ಲಿ ಇಲ್ಲ, ಕ್ರಿಯಾಪದದಲ್ಲಿ ಇದೆ. ‘ಮಳೆ ಬರುತ್ತೆ ಅಂದಿದ್ದು ಸುಳ್ಳಾಯಿತು’ ಅಂದರೆ ಯಾರ ಮೇಲೂ ತಪ್ಪು ಹೊರಿಸಿದ ಹಾಗಾಗುವುದಿಲ್ಲ. ‘ಮಳೆ ಬರುತ್ತೆ ಅಂತ ಸುಳ್ಳು ಹೇಳಿದ’ ಅಂದರೆ ಅವನು ಮೋಸ ಮಾಡಿದ ಅಂತಲೇ ಅರ್ಥ. ಹಾಗಾಗಿ ನಾಯಕರ ಪುಟದಲ್ಲಿ ‘ಸುಳ್ಳು ಹೇಳಿದರು’ ಅಂತ ಕಂಡರೆ ನಾನು ನಿಲ್ಲುತ್ತೇನೆ. ‘ಅವರು ಕೊಟ್ಟ ಅಂಕಿಅಂಶ ಸರಿ ಇರಲಿಲ್ಲ’ ಅಂತ ಬರೆದು, ಸರಿಯಾದ ಅಂಕಿ ಯಾವುದು, ಅದು ಎಲ್ಲಿದೆ ಅಂತ ಪಕ್ಕದಲ್ಲೇ ಉಲ್ಲೇಖ ಕೊಟ್ಟರೆ ಓದುಗರಿಗೆ ಬೇಕಾದದ್ದೆಲ್ಲ ಸಿಕ್ಕಿತು, ಅಲ್ವಾ? ನ್ಯಾಯಾಲಯವೋ ತನಿಖಾ ಆಯೋಗವೋ ಉದ್ದೇಶಪೂರ್ವಕ ಅಂತ ಹೇಳಿದ್ದರೆ, ಆ ಮಾತನ್ನು ಅವರ ಹೆಸರಿನಲ್ಲೇ ಬರೆಯಬೇಕು.

ವಾದ ನಡೆಯುವ ರೀತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಒಬ್ಬರು ಒಂದು ಪದ ಬದಲಿಸುತ್ತಾರೆ, ಇನ್ನೊಬ್ಬರು ಅದನ್ನು ಮೊದಲಿದ್ದ ಹಾಗೆ ಮಾಡುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹೀಗೆ ಹಿಂದಕ್ಕೆ ತಿರುಗಿಸಿದರೆ ನಿರ್ವಾಹಕರು ತಡೆ ಹಾಕಬಹುದು. ಆದ್ದರಿಂದ ಇಬ್ಬರೂ ಚರ್ಚೆ ಪುಟಕ್ಕೆ ಬರಲೇಬೇಕು. ಅಲ್ಲೂ ಬಗೆಹರಿಯದಿದ್ದರೆ ಸಮುದಾಯದ ಅಭಿಪ್ರಾಯ ಕೇಳುತ್ತಾರೆ, ಅದು ಸಾಮಾನ್ಯವಾಗಿ 30 ದಿನ ತೆರೆದಿರುತ್ತದೆ. ಕೊನೆಗೆ ಆ ವಾದದಲ್ಲಿ ಇಲ್ಲದ ಒಬ್ಬರು ಎಲ್ಲವನ್ನೂ ಓದಿ ತೀರ್ಮಾನ ಬರೆಯುತ್ತಾರೆ. ಅವರು ತಲೆ ಎಣಿಸುವುದಿಲ್ಲ, ಇದು ನನಗೆ ತುಂಬಾ ಹಿಡಿಸಿದ ವಿಷಯ. ಐವತ್ತು ಜನ ಬಂದು ‘ನಮ್ಮ ನಾಯಕರಿಗೆ ಅವಮಾನ’ ಅಂದರೂ, ಆಧಾರ ಸಮೇತ ಮಾತಾಡಿದ ಮೂವರ ವಾದ ನಿಲ್ಲಬಹುದು.

ಬದುಕಿರುವವರ ಬಗ್ಗೆ ಬರೆಯುವಾಗ ನಿಯಮ ಇನ್ನೂ ಬಿಗಿ. ಅದಕ್ಕೆ ಕಾರಣ 2005ರಲ್ಲಿ ಆದ ಒಂದು ಘಟನೆ. ಜಾನ್ ಸೀಗೆಂಥಾಲರ್ ಅನ್ನುವ ಅಮೆರಿಕದ ಹಿರಿಯ ಪತ್ರಕರ್ತರ ಪುಟದಲ್ಲಿ, ಕೆನಡಿ ಸಹೋದರರ ಹತ್ಯೆಯಲ್ಲಿ ಅವರ ಕೈವಾಡದ ಶಂಕೆ ಇತ್ತು ಅಂತ ಯಾರೋ ಬರೆದಿದ್ದರು. ಪೂರ್ತಿ ಕಟ್ಟುಕತೆ. ನಾಲ್ಕು ತಿಂಗಳು ಅದು ಹಾಗೇ ಉಳಿದಿತ್ತು. ಆ ಗಲಾಟೆಯ ನಂತರವೇ ಬದುಕಿರುವವರ ಜೀವನಚರಿತ್ರೆಗೆ ಅಂತ ಪ್ರತ್ಯೇಕ ನೀತಿ ಬಂತು: ಆಧಾರ ಇಲ್ಲದ ವಿವಾದದ ಮಾತನ್ನು ಚರ್ಚೆಗೂ ಕಾಯದೆ ತೆಗೆದುಹಾಕಬಹುದು.

ಹಾಗಂತ ಕಹಿ ಮಾತನ್ನೆಲ್ಲ ಅಳಿಸಲು ಇದು ಪರವಾನಗಿ ಅಲ್ಲ. 2006ರ ಜನವರಿಯಲ್ಲಿ ಅಮೆರಿಕದ ಸಂಸದ ಮಾರ್ಟಿ ಮೀಹನ್ ಅವರ ಕಚೇರಿಯ ಸಿಬ್ಬಂದಿ ಅವರ ಪುಟವನ್ನೇ ತಿದ್ದಿದ್ದು ಹೊರಗೆ ಬಂತು. ಇಷ್ಟು ಅವಧಿಗಿಂತ ಹೆಚ್ಚು ಸಂಸತ್ತಿನಲ್ಲಿ ಇರುವುದಿಲ್ಲ ಅಂತ ಅವರು ಹಿಂದೆ ಕೊಟ್ಟಿದ್ದ ಮಾತು, ಅದನ್ನು ಉಳಿಸಿಕೊಳ್ಳದೆ ಇದ್ದದ್ದು, ಎರಡೂ ಪುಟದಿಂದ ಮಾಯವಾಗಿದ್ದವು. ಪ್ರತಿ ತಿದ್ದುಪಡಿಯೂ ಇತಿಹಾಸದ ಪುಟದಲ್ಲಿ ಉಳಿಯುವುದರಿಂದಲೇ ಇದು ಸಿಕ್ಕಿಬಿದ್ದದ್ದು. ನಮ್ಮ ಚುನಾವಣೆ ಸಮಯದಲ್ಲೂ ನಾಯಕರ ಪುಟಗಳಿಗೆ ಹೊಸ ಖಾತೆಗಳು ದಿಢೀರನೆ ಬರುತ್ತವೆ. ‘ಧೀಮಂತ’, ‘ಜನಮಾನಸದ ನಾಯಕ’, ‘ಅಭಿವೃದ್ಧಿಯ ಹರಿಕಾರ’ ಸುರಿಯುತ್ತವೆ. ಇವನ್ನು ತೆಗೆಯುವುದು ಸುಲಭ, ಯಾಕೆ ತೆಗೆದೆ ಅಂತ ಸಮಾಧಾನವಾಗಿ ವಿವರಿಸುವುದೇ ನಿಜವಾದ ಕೆಲಸ.

ಇಂಗ್ಲಿಷಿನವರಿಗೆ ಇಲ್ಲದ ಒಂದು ಕಷ್ಟ ನಮಗಿದೆ. ನಮ್ಮ ಕ್ರಿಯಾಪದದ ಕೊನೆಯಲ್ಲೇ ಗೌರವ ಕೂತಿದೆ. ‘ಹುಟ್ಟಿದರು’ ಅಂದರೆ ಒಂದು, ‘ಹುಟ್ಟಿದನು’ ಅಂದರೆ ಇನ್ನೊಂದು. ಇನ್ನೂ ಯಾವ ಸಂಗತಿಯನ್ನೂ ಹೇಳಿಲ್ಲ, ಆಗಲೇ ನಮ್ಮ ಅಭಿಪ್ರಾಯ ಹೇಳಿಬಿಟ್ಟಿರುತ್ತೇವೆ. ‘ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದನು’ ಅಂತ ಶಾಲೆಯಲ್ಲಿ ಓದಿದಾಗ ಪುಲಕೇಶಿಗೆ ಅವಮಾನ ಆಯಿತು ಅಂತ ಯಾರಿಗೂ ಅನ್ನಿಸಲಿಲ್ಲ, ಅಷ್ಟು ಹಳೆಯ ರಾಜರಿಗೆ ಏಕವಚನ ಒಗ್ಗಿಹೋಗಿದೆ. ಅದೇ ಇವತ್ತಿನ ಮುಖ್ಯಮಂತ್ರಿಗೆ ಹಾಗೆ ಬರೆದರೆ ಬೈದ ಹಾಗೆ ಕೇಳಿಸುತ್ತದೆ. ಹಿಟ್ಲರನಿಗೆ ಏನು ಮಾಡುವುದು? ಬಹುವಚನ ಹಾಕಿದರೆ ಕೈ ನಡುಗುತ್ತದೆ. ‘ಹಿಟ್ಲರ್ ಹುಟ್ಟಿದ್ದು 1889ರಲ್ಲಿ’ ಅಂತ ಬರೆದು ಗೌರವದ ಪ್ರಶ್ನೆಯನ್ನೇ ದಾಟಿಬಿಡುವ ದಾರಿ ಒಂದಿದೆ, ಆದರೆ ಇಡೀ ಪುಟವನ್ನು ‘ಹುಟ್ಟಿದ್ದು, ಓದಿದ್ದು, ಸೇರಿದ್ದು’ ಅಂತ ಬರೆದರೆ ಓದಲು ಆಗುವುದಿಲ್ಲ.

ನನಗೆ ಜಾಸ್ತಿ ಚಿಂತೆ ಕೊಡುವುದು ಪುಟದ ಮಧ್ಯದಲ್ಲಿ ಕ್ರಿಯಾಪದ ಬದಲಾಗುವುದು. ನಾಯಕರು ಮಂತ್ರಿಯಾಗುವ ತನಕ ‘ಮಾಡಿದರು’, ಜೈಲಿಗೆ ಹೋದ ಪ್ಯಾರಾದಿಂದ ‘ಮಾಡಿದ’. ಬರೆದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ನಾನು ಹಿಡಿದಿರುವ ದಾರಿ ಒಂದೇ: ಮೊದಲ ಸಾಲಿನಲ್ಲಿ ಬಳಸಿದ ರೂಪವೇ ಕೊನೆಯ ಸಾಲಿನ ತನಕ. ಆರೋಪ ಬಂದಿರಲಿ, ಶಿಕ್ಷೆ ಆಗಿರಲಿ. ಇದನ್ನು ಕನ್ನಡ ವಿಕಿಪೀಡಿಯದ ಅರಳಿ ಕಟ್ಟೆಯಲ್ಲಿ, ಅಂದರೆ ಎಲ್ಲರೂ ಸೇರಿ ಮಾತಾಡುವ ಪುಟದಲ್ಲಿ, ಕನ್ನಡದ ಉದಾಹರಣೆಗಳನ್ನೇ ಇಟ್ಟುಕೊಂಡು ನಾವೇ ತೀರ್ಮಾನಿಸಬೇಕು. ಇಂಗ್ಲಿಷ್ ಕೈಪಿಡಿಯಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ.

ಪತ್ರಿಕೆಯಿಂದ ವಿಕಿಪೀಡಿಯಕ್ಕೆ ನೇರ ಬರುವ ಇನ್ನೊಂದು ಪದ ‘ಎನ್ನಲಾಗಿದೆ’. ಅವರು ಹಣ ಪಡೆದರು ಎನ್ನಲಾಗಿದೆ. ಯಾರು ಅಂದರು? ಎದುರು ಪಕ್ಷದವರಾ, ಪೊಲೀಸರಾ, ಬರೀ ಟೀ ಅಂಗಡಿಯ ಮಾತಾ? ಡೆಸ್ಕಿನಲ್ಲಿ ಗಡಿಬಿಡಿಯಲ್ಲಿ ನಾವು ಬಿಟ್ಟುಬಿಡುವ ಈ ಪದ ವಿಕಿಪೀಡಿಯಕ್ಕೆ ಹೋಗಿ ವರ್ಷಗಟ್ಟಲೆ ನಿಲ್ಲುತ್ತದೆ. ‘ಒಪ್ಪಿಕೊಂಡರು’ ಕೂಡ ಹಾಗೇ. ‘ಸಭೆಗೆ ಹೋಗಿದ್ದೆ ಎಂದು ಹೇಳಿದರು’ ಅನ್ನುವುದನ್ನು ‘ಒಪ್ಪಿಕೊಂಡರು’ ಅಂತ ಮಾಡಿದರೆ ಸಭೆಗೆ ಹೋಗಿದ್ದೇ ಅಪರಾಧ ಆಗುತ್ತದೆ. ಎರಡು ವಾಕ್ಯಗಳ ಮಧ್ಯೆ ಸುಮ್ನೆ ಒಂದು ‘ಆದರೆ’ ಹಾಕಿದರೂ ಸಾಕು, ಮೊದಲ ವಾಕ್ಯದ ತೂಕ ಇಳಿದು ಎರಡನೆಯದರ ತೂಕ ಏರುತ್ತದೆ.

ಹೊಸಬರಿಗೆ ವಿಕಿಪೀಡಿಯ ಕಲಿಸುವ ಶಿಬಿರಗಳಲ್ಲಿ ನಾನು ದೇವರಾಜ ಅರಸು ಅವರ ಬಗ್ಗೆ ಒಂದು ಪ್ಯಾರಾ ಬರೆಸುತ್ತೇನೆ. ಎಲ್ಲರಿಗೂ ಗೊತ್ತಿರುವ ನಾಯಕ, ಬಿಸಿ ಕಡಿಮೆ, ಪದಗಳ ಮೇಲೆ ಗಮನ ಇಡಬಹುದು. ಒಮ್ಮೆ ಒಬ್ಬ ಹುಡುಗಿ ‘ಅರಸು ಬಡವರಿಗೆ ಭೂಮಿ ಕೊಟ್ಟರು’ ಅಂತ ಪ್ರಯೋಗಪುಟದಲ್ಲಿ ಬರೆದಳು. ಪಕ್ಕದಲ್ಲಿದ್ದ ಹುಡುಗ ಒಪ್ಪಲಿಲ್ಲ. ‘ಸರ್, ನಮ್ಮಜ್ಜ ಆ ಗದ್ದೆಗೆ ವರ್ಷಗಟ್ಟಲೆ ಅಲೆದಿದ್ದಾರೆ. ಯಾರೂ ಕೈಗಿಟ್ಟಿದ್ದಲ್ಲ’ ಅಂದ. ಹುಡುಗಿ ತಕ್ಷಣ ಕೇಳಿದಳು, ‘ನಿಮ್ಮಜ್ಜ ಹೇಳಿದ್ದನ್ನ ಉಲ್ಲೇಖ ಅಂತ ಹಾಕಕ್ಕಾಗುತ್ತಾ?’

ಆಗುವುದಿಲ್ಲ. ಅಜ್ಜನ ಮಾತು ಎಷ್ಟೇ ನಿಜವಿರಲಿ, ಓದುಗರು ಹೋಗಿ ನೋಡಬಹುದಾದ ಆಧಾರ ಬೇಕು. ಇಬ್ಬರೂ ಕೂತು ಹುಡುಕಿದರು. ಭೂಸುಧಾರಣೆಯ ಮೂಲ ಕಾಯ್ದೆ 1961ರದ್ದು, ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದದ್ದು. ಗೇಣಿ ಭೂಮಿ ಮೊದಲು ಸರ್ಕಾರಕ್ಕೆ ಸೇರಿತು. ಆಮೇಲೆ ಗೇಣಿದಾರರು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯ ಮುಂದೆ ಹಕ್ಕು ಕೇಳಬೇಕಿತ್ತು. ಅಜ್ಜ ಅಲೆದದ್ದು ಯಾಕೆ ಅಂತ ಆ ಹುಡುಗನಿಗೂ ಅವತ್ತೇ ಗೊತ್ತಾಯಿತು. ಮಧ್ಯಾಹ್ನ ಊಟದ ಹೊತ್ತಿಗೆ ಸಾಲು ಹೀಗಿತ್ತು: ‘ಅರಸು ಸರ್ಕಾರ ತಂದ ತಿದ್ದುಪಡಿಯ ಅಡಿಯಲ್ಲಿ ಗೇಣಿದಾರರು ಭೂನ್ಯಾಯ ಮಂಡಳಿಗಳಿಗೆ ಅರ್ಜಿ ಸಲ್ಲಿಸಿ ಭೂಮಿಯ ಹಕ್ಕು ಪಡೆದರು.’