ಹೊಳೆ ದಂಡೆಯಲ್ಲಿ ದಾರಿ ಹಾಕುವ ಮುನ್ನ

ಹೊಳೆ ಪಕ್ಕ ವಾಕಿಂಗ್ ಪಾಥ್ ಮಾಡಿಕೊಡಿ ಎಂದು ಯಾರಾದರೂ ಕರೆದರೆ ನಾನು ಮೊದಲು ದಂಡೆಯ ಮರಗಳ ಕೊಂಬೆ ನೋಡುತ್ತೇನೆ. ತಲೆಗಿಂತ ಮೇಲೆ ಒಣಹುಲ್ಲು, ಪ್ಲಾಸ್ಟಿಕ್ ಕವರ್ ಸಿಕ್ಕಿಕೊಂಡಿದ್ದರೆ ಮಳೆಗಾಲದಲ್ಲಿ ನೀರು ಅಲ್ಲಿಯವರೆಗೆ ಬಂದಿತ್ತು ಅಂತ ಲೆಕ್ಕ. ಕಡತದಲ್ಲಿ ಬರೆದ ನೆರೆ ಮಟ್ಟಕ್ಕಿಂತ ಆ ಕವರ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಆ ಜಾಗ ಹೊಳೆಯದ್ದು. ವರ್ಷದಲ್ಲಿ ಕೆಲವು ದಿನ ಅದು ಬಂದೇ ಬರುತ್ತದೆ. ಉಳಿದ ದಿನ ನಾವು ಓಡಾಡಿಕೊಂಡಿರಬಹುದು.

ಇದನ್ನು ಒಪ್ಪಿಕೊಂಡು ಕಟ್ಟಿದ ಜಾಗ ಸಿಂಗಪುರದ ಬಿಶಾನ್-ಆಂಗ್ ಮೊ ಕಿಯೊ ಪಾರ್ಕ್. ಅಲ್ಲಿ ಕಾಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟ್ ಕಾಲುವೆಯಾಗಿತ್ತು. ಥೇಟ್ ನಮ್ಮ ಬೆಂಗಳೂರಿನ ರಾಜಕಾಲುವೆಗಳ ಹಾಗೆ. ಆ ಕಾಂಕ್ರೀಟ್ ಕಿತ್ತು, ನದಿಯನ್ನು ಪಾರ್ಕಿನೊಳಗೆ ಅಂಕುಡೊಂಕಾಗಿ ಹರಿಯಬಿಟ್ಟರು. 2012ರಲ್ಲಿ ಜನರಿಗೆ ತೆರೆದಾಗ ಅದೇ ನದಿ ಸುಮಾರು 3.2 ಕಿ.ಮೀ. ಉದ್ದವಾಗಿತ್ತು! ಮಳೆ ಇಲ್ಲದಾಗ ಮಕ್ಕಳು ಕಲ್ಲಿನಿಂದ ಕಲ್ಲಿಗೆ ಜಿಗಿದು ಹೊಳೆ ದಾಟುತ್ತಾರೆ. ನೀರು ಏರಿದರೆ ಎಚ್ಚರಿಕೆ ದೀಪ ಹತ್ತುತ್ತದೆ, ಸೈರನ್ ಕೂಗುತ್ತದೆ, ಜನ ಮೇಲೆ ಹತ್ತಿಕೊಳ್ಳುತ್ತಾರೆ, ಹುಲ್ಲುಹಾಸೆಲ್ಲ ನೀರಿನ ಪಾಲು. ಕಿತ್ತ ಕಾಂಕ್ರೀಟನ್ನೂ ಬಿಸಾಡಲಿಲ್ಲ, ಅಲ್ಲೇ ಒಂದು ದಿಬ್ಬ ಮಾಡಿದರು. ಬೇರು, ಗಿಡ, ಕಲ್ಲು ಸೇರಿ ದಂಡೆಯನ್ನು ಹಿಡಿದಿವೆ. ನಮ್ಮಲ್ಲಾದರೆ ಆ ಕೆಲಸಕ್ಕೆ ಲಾವಂಚ, ಲಕ್ಕಿ, ಹೊಂಗೆ, ಹೊಳೆಮತ್ತಿ ಇವೆಯಲ್ವಾ?

ನಾನು ಯಾರೋ ಹೇಳಿಕೊಟ್ಟು ಕಲಿತವನಲ್ಲ, ಎಡವಿಯೇ ಕಲಿತೆ. ಶುರುವಿನಲ್ಲಿ ಒಂದು ಊರಿನ ಹೊಳೆ ದಾರಿಗೆ ನಯವಾದ ಗ್ರಾನೈಟ್ ಹಾಸಿದ್ದೆ. ಫೋಟೋದಲ್ಲಿ ಚೆಂದ. ಮೊದಲ ನೆರೆ ಇಳಿದ ಮೇಲೆ ಬೆರಳು ದಪ್ಪ ಹೂಳು, ಅದರ ಮೇಲೆ ಪಾಚಿ. ಒಬ್ಬರು ಅಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡರು. ಈಗ ಎರಡು ದಾರಿ ಹಾಕುತ್ತೇನೆ, ನೀರಿನ ಪಕ್ಕ ಒಂದು, ದಂಡೆಯ ಮೇಲೆ ಒಂದು. ಕೆಳಗಿನ ದಾರಿಗೆ ಉಳಿ ಪೆಟ್ಟಿನ ಒರಟು ಕಲ್ಲು ಮಾತ್ರ, ನೀರು ಇಳಿದುಹೋಗಲು ಕೊಂಚ ಓರೆ. ದೀಪ, ಬೆಂಚು ಎಲ್ಲ ಮೇಲಿನ ದಾರಿಯಲ್ಲಿ.

ಲಾಭ ಏನು ಅಂತ ಕೇಳುತ್ತಾರೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ಮೈ ಆಡಿಸಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆ ಹತ್ತಿರ ನೆರಳಿನ ದಾರಿ ಇದ್ದರೆ ಅದೇನು ಕಷ್ಟವಲ್ಲ. ನನಗೆ ಕಂಡ ಇನ್ನೊಂದು ಲಾಭ ಬೇರೆ. ಜನ ಓಡಾಡುವ ಕಡೆ ಕಸದ ಮೂಟೆ ತಂದು ಸುರಿಯುವವರಿಗೆ ಮುಜುಗರ. ಚರಂಡಿ ನೀರು ಹೊಳೆಗೆ ಬಿಟ್ಟರೆ ಮೊದಲ ದೂರು ಬೆಳಗಿನ ವಾಕಿಂಗ್ ಗುಂಪಿನದೇ.

ಆದರೆ ಗೇಟು ಒಂದೇ ಇದ್ದರೆ ಯಾರೂ ಬರುವುದಿಲ್ಲ. ಪ್ರತಿ ಓಣಿಯಿಂದಲೂ ಇಳಿಯುವ ಹಾಗಿರಬೇಕು. ಸಂಜೆ ಒಬ್ಬರೇ ಬರುವ ಹೆಂಗಸರು ಮೊದಲು ನೋಡುವುದು ಇದನ್ನೇ: ಹೊರಗೆ ಹೋಗುವ ದಾರಿ ಹತ್ತಿರವಿದೆಯಾ?

ಪ್ಲಾನ್ ತೋರಿಸಿದಾಗ ಪ್ರತಿ ಸಲ ಒಂದು ಮಾತು ಬರುತ್ತದೆ: "ಸಾರ್, ಆ ಬಟ್ಟೆ ಒಗೆಯೋ ಕಲ್ಲು ತೆಗೆಸಿ, ಲುಕ್ ಕೆಡುತ್ತೆ." ನಾನು ತೆಗೆಸುವುದಿಲ್ಲ. ಹಿಂದಿನ ರಾತ್ರಿ ನೀರು ಎಷ್ಟು ಏರಿತ್ತು ಅಂತ ಅಲ್ಲಿ ಒಗೆಯುವವರನ್ನು ಕೇಳಿದರೆ ಮೆಟ್ಟಿಲು ಎಣಿಸಿ ಹೇಳುತ್ತಾರೆ.