ಒಂದೇ ತೋಟಾ, ಮೂರು ರೈಫಲ್: ಆರಿಸುವಾಗ ಎಲ್ಲಿ ನೋಡಬೇಕು?

ಹಳೆಯ ಮನೆಗಳ ಮುಂಬಾಗಿಲಿಗೆ ಉದ್ದನೆಯ ಕಬ್ಬಿಣದ ಚಿಲಕ ಇರುತ್ತಿತ್ತು. ಹಿಡಿ ಎತ್ತಿ ಹಿಂದಕ್ಕೆ ಎಳೆದರೆ ಬಾಗಿಲು ತೆರೆಯುತ್ತದೆ; ಮುಂದಕ್ಕೆ ತಳ್ಳಿ ಹಿಡಿಯನ್ನು ಕೆಳಗೆ ಮಡಚಿದರೆ ಭದ್ರ. ಬೋಲ್ಟ್ ಆಕ್ಷನ್ ರೈಫಲ್ ಎಂದರೆ ಇದೇ ಚಿಲಕ, ಆದರೆ ಇದು ತಡೆಯಬೇಕಾದ ಒತ್ತಡ ಬಹಳ ದೊಡ್ಡದು. .308 ವಿಂಚೆಸ್ಟರ್ ತೋಟಾ ಸಿಡಿದಾಗ ಚೇಂಬರಿನೊಳಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿನೊಳಗೆ, 4,000 ಬಾರ್‌ಗೂ ಹೆಚ್ಚಿನ ಒತ್ತಡ ಹುಟ್ಟುತ್ತದೆ, ಕಾರಿನ ಟೈರಿನಲ್ಲಿರುವುದು ಎರಡು ಬಾರ್‌ಗಿಂತ ತುಸು ಹೆಚ್ಚು ಅಷ್ಟೆ. ಬೋಲ್ಟಿನ ಮೂತಿಯ ಅಕ್ಕಪಕ್ಕ ಚಾಚಿಕೊಂಡ ಎರಡು ಉಕ್ಕಿನ ಕಿವಿಗಳು, ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಾದ ರಿಸೀವರಿನ ಗೂಡಿನಲ್ಲಿ ಸಿಕ್ಕಿಕೊಂಡು ಆ ಒತ್ತಡವನ್ನೆಲ್ಲ ಹೊರುತ್ತವೆ. 1898ರಲ್ಲಿ ಜರ್ಮನಿಯ ಪೌಲ್ ಮೌಸರ್ ಪಕ್ವಗೊಳಿಸಿದ ಈ ವಿನ್ಯಾಸವೇ ಇಂದಿನ ಬಹುಪಾಲು ಬೇಟೆ ರೈಫಲ್‌ಗಳ ಮೂಲ.

ನಮ್ಮಲ್ಲಿ ಪರವಾನಗಿಯ ಮೇಲೆ ಸಿಗುವ ಇಛಾಪುರದ .315 ರೈಫಲ್ ಮಾತ್ರ ಈ ವಂಶದ್ದಲ್ಲ. ಅದು ಲೀ-ಎನ್‌ಫೀಲ್ಡ್ ಮಾದರಿಯದು, ಕಿವಿಗಳಿರುವುದು ಬೋಲ್ಟಿನ ಹಿಂಭಾಗದಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಇಂದು ನಮ್ಮ ಕಾಡುಗಳಲ್ಲಿ ಶಿಕಾರಿಗೆ ಅವಕಾಶವೂ ಇಲ್ಲ. ಕೊಡಗಿನ ಮನೆಗಳ ಕೋವಿಗಳು ಕೈಲ್ ಪೊಳ್ದ್ ಹಬ್ಬದಂದು ಹೂ ಮುಡಿದು ಪೂಜೆಗೆ ಕೂರುತ್ತವೆ. ಹಾಗಾಗಿ ಆಯ್ಕೆಯ ಪ್ರಶ್ನೆಯನ್ನು ಅದು ನಿಜವಾಗಿ ಏಳುವ ಕಡೆಯೇ ನೋಡೋಣ. ಫಿನ್ಲೆಂಡಿನಲ್ಲಿ ಮೂಸ್ ಎಂಬ ದೈತ್ಯ ಜಿಂಕೆಯ ಬೇಟೆ ಕಾನೂನುಬದ್ಧ, ಅದಕ್ಕೆ ಋತುವೂ ಪರವಾನಗಿಯೂ ಪರೀಕ್ಷೆಯೂ ಉಂಟು. ಅಲ್ಲಿನ ಬೇಟೆಗಾರನೊಬ್ಬನ ಮುಂದೆ ಮೂರು ರೈಫಲ್‌ಗಳಿವೆ ಎಂದುಕೊಳ್ಳಿ: ರೀಹಿಮ್ಯಾಕಿಯ ಸಾಕೋ ಕಾರ್ಖಾನೆಯ ಟಿಕ್ಕಾ ಟಿ3ಎಕ್ಸ್ ಲೈಟ್, ವಿಂಚೆಸ್ಟರ್ ಮಾಡೆಲ್ 70 ಫೆದರ್‌ವೇಟ್, ಜಪಾನಿನ ಹೋವಾ 1500. ಮೂರೂ .308, ಮೂರರ ನಳಿಗೆಯೂ 56-57 ಸೆಂ.ಮೀ.

ಎಲ್ಲರೂ ಮೊದಲು ಕೇಳುವುದು "ಯಾವುದರ ಗುರಿ ಹೆಚ್ಚು ನಿಖರ?" ಎಂದು. ಮೂರರ ನಡುವೆ ಆರಿಸಲು ಅತ್ಯಂತ ಕಡಿಮೆ ನೆರವಾಗುವ ಪ್ರಶ್ನೆಯೂ ಅದೇ.

ಫಿನ್ಲೆಂಡಿನಲ್ಲಿ ಮೂಸ್ ಬೇಟೆಗೆ ಹೋಗುವ ಮುನ್ನ ತೇರ್ಗಡೆಯಾಗಬೇಕಾದ ಪರೀಕ್ಷೆಯಲ್ಲಿ 75 ಮೀಟರ್ ದೂರದ ಗುರಿಹಲಗೆಗೆ 90 ಸೆಕೆಂಡಿನೊಳಗೆ ನಾಲ್ಕು ಈಡು ಹೊಡೆಯಬೇಕು, ನಾಲ್ಕೂ 23 ಸೆಂ.ಮೀ. ವೃತ್ತದೊಳಗೆ ಬೀಳಬೇಕು. ಒಂದು ಡಿಗ್ರಿಯ ಅರವತ್ತನೇ ಒಂದು ಪಾಲಿಗೆ ಗುರಿಕಾರರು ಒಂದು ಎಂಓಎ ಎನ್ನುತ್ತಾರೆ. 75 ಮೀಟರಿನಲ್ಲಿ ಅದು ಸುಮಾರು 2.2 ಸೆಂ.ಮೀ. ಅಂದರೆ ಪರೀಕ್ಷೆಯ ವೃತ್ತ ಹತ್ತು ಎಂಓಎ ಅಗಲವಿದೆ. ಈ ಮೂರು ರೈಫಲ್‌ಗಳಲ್ಲಿ ಯಾವುದೇ ಆಗಲಿ, ಹೊಂದುವ ತೋಟಾ ಸಿಕ್ಕರೆ ಒಂದರಿಂದ ಒಂದೂವರೆ ಎಂಓಎ ಒಳಗೆ ಹೊಡೆಯುತ್ತದೆ. ಉಳಿದ ಎಂಟು-ಒಂಬತ್ತು ಎಂಓಎ ಕೈಯ ನಡುಕ, ಉಸಿರು, ಅವಸರ ಇವುಗಳ ಪಾಲು.

ಅಂಗಡಿಯವರು ಅಭಿಮಾನದಿಂದ ತೋರಿಸುವ ಮೂರು ತೂತಿನ ಕಾಗದದ ವಿಚಾರಕ್ಕೆ ಬರೋಣ. ಒಂದೇ ರೈಫಲ್, ಒಂದೇ ಡಬ್ಬಿಯ ತೋಟಾ, ಒಂದೇ ಕೈ ಆದರೂ ಗುಂಡುಗಳು ಚದುರುತ್ತವೆ, ಏಕೆಂದರೆ ಮದ್ದಿನ ತೂಕ, ಗುಂಡಿನ ಸಮತೋಲ, ನಳಿಗೆಯ ಕಂಪನ ಪ್ರತಿ ಸಲವೂ ಕೂದಲೆಳೆಯಷ್ಟು ಬೇರೆ. ಈ ಚದುರುವಿಕೆ ಗಣಿತದ ಪ್ರಸಿದ್ಧ ಗಂಟೆಯಾಕಾರದ ವಕ್ರವನ್ನು ಅನುಸರಿಸುತ್ತದೆ ಎಂದುಕೊಂಡರೆ, ಅತಿ ದೂರದ ಎರಡು ತೂತುಗಳ ನಡುವಿನ ಅಂತರ ಮೂರು ಗುಂಡಿಗೆ ಸರಾಸರಿ 2.41 ಸಿಗ್ಮಾ, ಐದಕ್ಕೆ 3.07, ಹತ್ತಕ್ಕೆ 3.81. ಸಿಗ್ಮಾ ಎಂದರೆ ಚದುರುವಿಕೆಯ ಮೂಲ ಅಳತೆ. ಆದ್ದರಿಂದ ಮೂರು ಗುಂಡಿಗೆ ಸರಾಸರಿ 2.5 ಸೆಂ.ಮೀ. ಗುಚ್ಛ ಕೊಡುವ ರೈಫಲ್ ಹತ್ತು ಗುಂಡಿಗೆ ಸುಮಾರು 4 ಸೆಂ.ಮೀ. ಕೊಡುತ್ತದೆ. ರೈಫಲ್ ಕೆಟ್ಟದ್ದಲ್ಲ, ಮೂರು ಗುಂಡು ಅದರ ಪೂರ್ತಿ ಸ್ವಭಾವವನ್ನು ತೋರಿಸಿರಲಿಲ್ಲ.

ಇನ್ನೂ ಮುಖ್ಯವಾದದ್ದು ಏರಿಳಿತ. ಅದೇ 2.5 ಸೆಂ.ಮೀ. ಸರಾಸರಿಯ ರೈಫಲಿನಲ್ಲಿ ಮೂರು ಗುಂಡಿನ ಗುಚ್ಛಗಳನ್ನು ಮತ್ತೆ ಮತ್ತೆ ಹೊಡೆದರೆ, ಸುಮಾರು ಮೂರನೇ ಎರಡು ಪಾಲು 1.6ರಿಂದ 3.4 ಸೆಂ.ಮೀ. ನಡುವೆ ಬೀಳುತ್ತವೆ, ಉಳಿದವು ಅದರಾಚೆ. "ಇದು 1.6, ಅದು 3.4, ಇದೇ ಒಳ್ಳೆಯದು" ಎಂದು ತೀರ್ಮಾನಿಸಿದವರು ಹೋಲಿಸಿದ್ದು ಎರಡು ರೈಫಲ್‌ಗಳನ್ನಲ್ಲ, ಎರಡು ಸಲದ ಅದೃಷ್ಟವನ್ನು. ಹೋಲಿಸಲೇಬೇಕೆಂದರೆ ಪ್ರತಿಯೊಂದರಲ್ಲೂ ಹತ್ತು ಗುಂಡು ಹೊಡೆಯಬೇಕು, ನಡುನಡುವೆ ನಳಿಗೆ ಆರಲು ಬಿಡಬೇಕು. ಆಗಲೂ ಕಾಲುಭಾಗದಷ್ಟು ವ್ಯತ್ಯಾಸ ಕಂಡರೆ ಅದನ್ನು ನಂಬುವಂತಿಲ್ಲ.

ಗುಂಡನ್ನು ತಿರುಗಿಸುವ, ನಳಿಗೆಯೊಳಗಿನ ಸುರುಳಿ ಗೀರುಗಳ ಬಗ್ಗೆಯೂ ಬಹಳ ಚರ್ಚೆ ನಡೆಯುತ್ತದೆ. ಟಿಕ್ಕಾದಲ್ಲಿ 11 ಇಂಚಿಗೆ ಒಂದು ಸುತ್ತು, ವಿಂಚೆಸ್ಟರಿನಲ್ಲಿ 12ಕ್ಕೆ, ಹೋವಾದಲ್ಲಿ 10ಕ್ಕೆ. ಬೇಟೆಯಲ್ಲಿ ಬಳಸುವ 150ರಿಂದ 165 ಗ್ರೇನ್ (ಸುಮಾರು 9.7ರಿಂದ 10.7 ಗ್ರಾಂ) ಗುಂಡನ್ನು ಮೂರೂ ಸ್ಥಿರವಾಗಿ ತಿರುಗಿಸುತ್ತವೆ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಿಜವಾದ ವ್ಯತ್ಯಾಸ ತೋಟಾ ಮ್ಯಾಗಜೀನಿನಿಂದ (ತೋಟಾ ತುಂಬಿಡುವ ಪೆಟ್ಟಿಗೆಯಿಂದ) ಚೇಂಬರಿಗೆ ಹೋಗುವ ದಾರಿಯಲ್ಲಿದೆ. ಮಾಡೆಲ್ 70ರ ಬೋಲ್ಟನ್ನು ಹೊರತೆಗೆದು ಪಕ್ಕದಿಂದ ನೋಡಿ. ಅದರ ಮೈಯುದ್ದಕ್ಕೂ ಚಪ್ಪಟೆಯಾದ ಉದ್ದನೆಯ ಸ್ಪ್ರಿಂಗ್ ಉಕ್ಕು, ತುದಿಯಲ್ಲಿ ಗಿಡುಗನ ಉಗುರಿನಂಥ ಕೊಕ್ಕೆ. ಮೌಸರ್‌ನಿಂದ ಬಂದದ್ದು ಇದು. ಬೋಲ್ಟ್ ಮುಂದೆ ಸರಿಯುತ್ತಿದ್ದಂತೆ ಮ್ಯಾಗಜೀನಿನಿಂದ ಮೇಲೇಳುವ ತೋಟಾದ ಅಂಚು ಕೆಳಗಿನಿಂದ ಜಾರಿ ಈ ಉಗುರಿನಡಿ ಸೇರಿಕೊಳ್ಳುತ್ತದೆ. ಚೇಂಬರ್ ತಲುಪುವ ಮೊದಲೇ ತೋಟಾ ಬೋಲ್ಟಿನ ವಶ. ಟಿಕ್ಕಾ ಮತ್ತು ಹೋವಾಗಳಲ್ಲಿ ಹಾಗಲ್ಲ: ಬೋಲ್ಟ್ ಬರೀ ಹಿಂದಿನಿಂದ ನೂಕುತ್ತದೆ, ಅದರ ಪುಟ್ಟ ಕೊಕ್ಕೆ ಅಂಚನ್ನು ಹಿಡಿಯುವುದು ಬೋಲ್ಟ್ ಪೂರ್ತಿ ಮುಚ್ಚಿಕೊಂಡಾಗ.

ತೊಂದರೆ ಎಲ್ಲಿ ಬರುತ್ತದೆ? ಗಾಬರಿಯಲ್ಲಿ ಬೋಲ್ಟನ್ನು ಮುಕ್ಕಾಲು ಭಾಗ ಮಾತ್ರ ಮುಂದೆ ತಳ್ಳಿ ಮತ್ತೆ ಹಿಂದಕ್ಕೆ ಎಳೆದಾಗ. ನೂಕುವ ಬಗೆಯಲ್ಲಿ ಮೊದಲ ತೋಟಾ ಚೇಂಬರಿನಲ್ಲೇ ಉಳಿಯುತ್ತದೆ, ಎರಡನೆಯದು ಬಂದು ಅದರ ಬೆನ್ನಿಗೆ ಗುದ್ದಿ ಸಿಕ್ಕಿಹಾಕಿಕೊಳ್ಳುತ್ತದೆ. ಉಗುರಿನ ಬಗೆಯಲ್ಲಿ ಮೊದಲ ತೋಟಾ ಬೋಲ್ಟಿನ ಜೊತೆಗೇ ಹಿಂದೆ ಬರುತ್ತದೆ. ಅದಕ್ಕೂ ಅದರದೇ ಮಿತಿಯಿದೆ: ಹಳೆಯ ಮೌಸರ್‌ಗಳಲ್ಲಿ ತೋಟಾವನ್ನು ಕೈಯಿಂದ ನೇರ ಚೇಂಬರಿಗೆ ಹಾಕಿದರೆ ಉಗುರು ಅಂಚಿನ ಮೇಲೆ ಹಾರುವುದಿಲ್ಲ, ಬೋಲ್ಟ್ ಮುಚ್ಚುವುದೇ ಇಲ್ಲ. ಖಾಲಿ ಕೇಸನ್ನು ಹೊರಗೆಸೆಯುವುದರಲ್ಲೂ ವ್ಯತ್ಯಾಸವಿದೆ. ಟಿಕ್ಕಾ, ಹೋವಾಗಳಲ್ಲಿ ಬೋಲ್ಟಿನ ಮುಖದ ಸ್ಪ್ರಿಂಗ್ ಕಡ್ಡಿ ಯಾವಾಗಲೂ ಒಂದೇ ಬಲದಿಂದ ಎಸೆಯುತ್ತದೆ. ಮಾಡೆಲ್ 70ರಲ್ಲಿ ನೀವು ಎಷ್ಟು ಜೋರಾಗಿ ಎಳೆದಿರೋ ಅಷ್ಟು ದೂರ. ಅಳುಕುತ್ತಾ ಎಳೆದರೆ ಕೇಸ್ ಅಲ್ಲೇ ಬಿದ್ದು ಮುಂದಿನ ತೋಟಾಕ್ಕೆ ಅಡ್ಡವಾಗುತ್ತದೆ. ಬೋಲ್ಟನ್ನು ಯಾವಾಗಲೂ ಕೊನೆಯವರೆಗೆ, ದೃಢವಾಗಿ ಎಳೆಯುವ ಅಭ್ಯಾಸವಿದ್ದವರಿಗೆ ಎರಡೂ ಬಗೆ ಸಮ. ಕರಡಿಯಂಥ ಎದುರುಬೀಳುವ ಪ್ರಾಣಿಯಿರುವ ಕಾಡಿನಲ್ಲಿ ಉಗುರಿನ ಬಗೆಯೇ ಮೇಲು ಎಂಬುದು ನಮ್ಮ ಅಭಿಪ್ರಾಯ.

ಟಿಕ್ಕಾದ ಬೋಲ್ಟ್ ಹಿಡಿ 70 ಡಿಗ್ರಿ ಎತ್ತಿದರೆ ಸಾಕು, ಉಳಿದೆರಡರಲ್ಲಿ 90. ಕಡಿಮೆ ಎತ್ತುವುದರಿಂದ ದೂರದರ್ಶಕಕ್ಕೆ ಬೆರಳು ತಗಲುವುದಿಲ್ಲ. ಆದರೆ ಸ್ಪ್ರಿಂಗನ್ನು ಬಿಗಿಯುವ ಅದೇ ಕೆಲಸ ಕಡಿಮೆ ತಿರುವಿನಲ್ಲಿ ಮುಗಿಯಬೇಕಾದ್ದರಿಂದ ಕೈಗೆ ಬಿಗಿ ಹೆಚ್ಚು. ಕಡಿದಾದ ಏರಿನಲ್ಲಿ ಸೈಕಲ್ ತುಳಿದಂತೆ.

ಹಗುರವಾದದ್ದೇ ಒಳ್ಳೆಯದು ಎನ್ನುವ ಮಾತೂ ಅರ್ಧ ಸತ್ಯ. 9.7 ಗ್ರಾಂ ಗುಂಡು ಸೆಕೆಂಡಿಗೆ 860 ಮೀಟರ್ ವೇಗದಲ್ಲಿ ಹೊರಟಾಗ, ಸುಮಾರು 2.9 ಗ್ರಾಂ ಮದ್ದಿನ ಅನಿಲದ್ದೂ ಸೇರಿ, ರೈಫಲಿಗೆ ಹಿಮ್ಮುಖವಾಗಿ ಸಿಗುವ ಸಂವೇಗ ಸುಮಾರು 12.5 ಕೆ.ಜಿ. ಮೀಟರ್ ಪ್ರತಿ ಸೆಕೆಂಡ್. ಇದು ಬದಲಾಗುವುದಿಲ್ಲ, ಬದಲಾಗುವುದು ತೂಕ. ದೂರದರ್ಶಕ ಸೇರಿ 4 ಕೆ.ಜಿ. ಇದ್ದರೆ ಭುಜಕ್ಕೆ ಬರುವ ಒದೆತ ಸುಮಾರು 19.5 ಜೂಲ್, 3.4ಕ್ಕೆ 23, 3 ಕೆ.ಜಿ.ಗೆ 26. ಒಂದು ಕೆ.ಜಿ. ಇಳಿಸಿದರೆ ಒದೆತ ಮೂರನೇ ಒಂದು ಪಾಲು ಏರುತ್ತದೆ. ದೂರದರ್ಶಕವಿಲ್ಲದೆ ಟಿಕ್ಕಾ ಲೈಟ್ 2.9 ಕೆ.ಜಿ. ಆಸುಪಾಸು, ಫೆದರ್‌ವೇಟ್ 3.1, ಹೋವಾ 3.4. ದಿನವಿಡೀ ಹಿಮದಲ್ಲಿ ಅಲೆಯುವವನಿಗೆ ಹಗುರ ವರ. ಮಚ್ಚಾನಿನಂಥ ಅಟ್ಟಣೆಯಲ್ಲಿ ಕೂತು ಕಾಯುವವನು ಹೋವಾದ ತೂಕಕ್ಕೆ ಹೆದರಬೇಕಿಲ್ಲ. ಒದೆತಕ್ಕೆ ಬೆದರಿ ಕಣ್ಣು ಮುಚ್ಚಿ ಟ್ರಿಗರ್ ಸೆಳೆಯುವ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದು ಬಲು ಕಷ್ಟ, ಅದರಿಂದ ನರಳುವುದು ಹೊಟ್ಟೆಗೆ ಗುಂಡು ತಿಂದು ಕಾಡಿನೊಳಗೆ ಓಡಿದ ಪ್ರಾಣಿ.

ಅಂಗಡಿಯಲ್ಲಿ ರೈಫಲ್ ಕೈಗೆ ಬಂದೊಡನೆ ನಳಿಗೆಯನ್ನು ಯಾರೂ ಇಲ್ಲದ ಕಡೆ ತಿರುಗಿಸಿ, ಬೋಲ್ಟ್ ತೆರೆದು, ಚೇಂಬರನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ, ಮ್ಯಾಗಜೀನ್ ಖಾಲಿಯೇ ಎಂದು ಖಚಿತಪಡಿಸಿಕೊಳ್ಳಿ. ಬೇಟೆಗೆ ಹೋಗುವಾಗ ತೊಡುವ ದಪ್ಪ ಕೋಟನ್ನೇ ತೊಟ್ಟು ಹೋಗುವುದು ಒಳ್ಳೆಯದು, ಕೋಟಿನ ದಪ್ಪದಿಂದ ಸ್ಟಾಕಿನ (ಭುಜಕ್ಕೆ ಒತ್ತಿ ಹಿಡಿಯುವ ಮರದ ಇಲ್ಲವೇ ಪ್ಲಾಸ್ಟಿಕ್ ಮೈಯ) ಉದ್ದ ಎರಡು ಸೆಂ.ಮೀ. ಹೆಚ್ಚಿದಂತಾಗುತ್ತದೆ. ಕಣ್ಣು ಮುಚ್ಚಿ ರೈಫಲನ್ನು ಭುಜಕ್ಕೇರಿಸಿ, ಕೆನ್ನೆಯನ್ನು ತಾನಾಗಿ ಕೂರುವಲ್ಲಿ ಕೂರಿಸಿ ಕಣ್ಣು ತೆರೆಯಿರಿ. ದೂರದರ್ಶಕದ ವೃತ್ತ ಅಂಚಿನಲ್ಲಿ ಕಪ್ಪು ನೆರಳಿಲ್ಲದೆ ಪೂರ್ತಿ ಕಂಡರೆ ಸ್ಟಾಕ್ ನಿಮ್ಮ ಮೈಗೆ ಒಪ್ಪಿತು. ಕತ್ತು ಚಾಚಬೇಕಾಗಿ ಬಂದರೆ ಒಪ್ಪಲಿಲ್ಲ. ಈ ಒಂದು ಪರೀಕ್ಷೆಗೆ ಹತ್ತು ಕಾಗದದ ತೂತುಗಳಿಗಿಂತ ಹೆಚ್ಚು ಬೆಲೆ ಕೊಡುತ್ತೇವೆ.

ನಂತರ ಒಂದು ನೋಟು ತೆಗೆದು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ, ರಿಸೀವರಿನವರೆಗೆ ಎಳೆಯಿರಿ. ಎಲ್ಲೂ ತಡೆಯಬಾರದು. ಬಳಿಕ ಸ್ಟಾಕಿನ ಮುಂಭಾಗವನ್ನು ಮೇಜಿನಂಚಿಗೆ ಒತ್ತಿ ಹಿಡಿದು ಮತ್ತೆ ಎಳೆಯಿರಿ. ಬಾಗುವ ಪ್ಲಾಸ್ಟಿಕ್ ಸ್ಟಾಕಾದರೆ ಈಗ ನೋಟು ಸಿಕ್ಕಿಕೊಳ್ಳುತ್ತದೆ. ಅಂಥ ರೈಫಲ್ ಮರಳಿನ ಚೀಲದ ಮೇಲಿಟ್ಟಾಗ ಒಂದು ಕಡೆ, ಕೈಯಲ್ಲಿ ಹಿಡಿದಾಗ ಇನ್ನೊಂದು ಕಡೆ ಹೊಡೆಯುತ್ತದೆ. ಫೆದರ್‌ವೇಟಿನ ವಾಲ್ನಟ್ ಮರ ಹೀಗೆ ಬಾಗುವುದಿಲ್ಲ, ಆದರೆ ತೇವ ಕುಡಿದು ಉಬ್ಬಿ ನಳಿಗೆಯನ್ನು ಮುಟ್ಟಬಹುದು; ಮಳೆಗಾಲದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದೂ ಇದೇ ಕಾರಣಕ್ಕೆ.

ಸೇಫ್ಟಿಯನ್ನು ಮರೆಯದೆ ನೋಡಿ. ಮಾಡೆಲ್ 70 ಮತ್ತು ಹೋವಾಗಳ ಸೇಫ್ಟಿಗೆ ಮೂರು ನೆಲೆ. ನಡುವಿನ ನೆಲೆಯಲ್ಲಿ ಟ್ರಿಗರ್ ಕೆಲಸ ಮಾಡದು, ಬೋಲ್ಟ್ ಮಾತ್ರ ಆಡುತ್ತದೆ. ಚೇಂಬರ್ ಖಾಲಿ ಮಾಡುವಾಗ ಇದು ದೊಡ್ಡ ನೆಮ್ಮದಿ. ಟಿಕ್ಕಾದಲ್ಲಿ ಎರಡೇ ನೆಲೆ, ಸೇಫ್ಟಿ ಹಾಕಿದರೆ ಬೋಲ್ಟೂ ಬಂದ್. ಪೊದೆಗೆ ತಾಗಿ ಬೋಲ್ಟ್ ತೆರೆದುಕೊಳ್ಳುವುದಿಲ್ಲ ಎಂಬುದು ಲಾಭ. ತೋಟಾ ತೆಗೆಯಲು ಸೇಫ್ಟಿ ಬಿಡಲೇಬೇಕು ಎಂಬುದು ನಷ್ಟ, ಆಗ ನಳಿಗೆಯ ದಿಕ್ಕಿನ ಮೇಲೆ ಕಣ್ಣಿರಬೇಕು.

ಹಳೆಯ ಟಿಕ್ಕಾ ಕೊಳ್ಳುವವರಿಗೆ ಒಂದು ಮಾತು. ಒದೆತವನ್ನು ಸ್ಟಾಕಿಗೆ ದಾಟಿಸುವ ಪುಟ್ಟ ಪಟ್ಟಿ 2003ರ ಟಿ3ರಲ್ಲಿ ಅಲ್ಯೂಮಿನಿಯಮ್, 2016ರ ಟಿ3ಎಕ್ಸ್‌ನಲ್ಲಿ ಉಕ್ಕು. ಸ್ಟಾಕ್ ಕಳಚಿಸಿ ನೋಡಿ. ಅಲ್ಯೂಮಿನಿಯಮ್ ಪಟ್ಟಿ ರಿಸೀವರ್ ಒತ್ತಿದ ಕಡೆ ತಗ್ಗಾಗಿದ್ದರೆ ಉಕ್ಕಿನದನ್ನು ತರಿಸಿ ಹಾಕಿಸಿ. ಮತ್ತೆ ಜೋಡಿಸುವಾಗ ಸ್ಟಾಕಿನ ಎರಡು ತಿರುಪುಗಳನ್ನು ಕೈಪಿಡಿ ಹೇಳಿದಷ್ಟೇ ಬಿಗಿ ಮಾಡಬೇಕು. ನಳಿಗೆ ಸವೆಯಿತೆಂದು ದೂರಿದ ಎಷ್ಟೋ ರೈಫಲ್‌ಗಳಲ್ಲಿ ನಿಜವಾಗಿ ಸಡಿಲವಾಗಿದ್ದದ್ದು ಈ ಎರಡು ತಿರುಪು, ಇಲ್ಲವೇ ದೂರದರ್ಶಕದ ಬಳೆಗಳು.

ಕೊನೆಗೆ ಚಳಿ. ಅಂಗಡಿಯಿಂದ ಬಂದ ಹೊಸ ಬೋಲ್ಟಿನೊಳಗೆ ಕಾಪಿಡುವ ಜಿಡ್ಡು ಇರುತ್ತದೆ. ಮನೆಯ ಬೆಚ್ಚಗಿನಲ್ಲಿ ಅದು ತೊಂದರೆ ಕೊಡದು. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಮೇಣದಂತೆ ಗಟ್ಟಿಯಾಗಿ, ತೋಟಾದ ಬೆನ್ನಿಗೆ ಬಡಿದು ಅದನ್ನು ಸಿಡಿಸುವ ಸಿಡಿಗಡ್ಡಿಯ ವೇಗವನ್ನು ಕುಗ್ಗಿಸುತ್ತದೆ. ಟ್ರಿಗರ್ ಸೆಳೆದಾಗ ಕ್ಲಿಕ್ ಎನ್ನುತ್ತದೆ, ತೋಟಾ ಸಿಡಿಯುವುದಿಲ್ಲ. ಹೊರತೆಗೆದು ನೋಡಿದರೆ ತೋಟಾದ ಬೆನ್ನಿನ ಪುಟ್ಟ ಕ್ಯಾಪಿನ ಮೇಲೆ ಆಳವಿಲ್ಲದ ಚುಕ್ಕೆ. ಹೀಗಾದಾಗ ನಳಿಗೆಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಅರ್ಧ ನಿಮಿಷವಾದರೂ ಕಾದು ಆಮೇಲೆ ಬೋಲ್ಟ್ ತೆರೆಯಬೇಕು, ಏಕೆಂದರೆ ತಡವಾಗಿ ಸಿಡಿಯುವುದೂ ಉಂಟು. ಋತು ಶುರುವಾಗುವ ಮುನ್ನ ಬೋಲ್ಟ್ ಬಿಚ್ಚಿ, ಒಳಗಿನ ಸ್ಪ್ರಿಂಗನ್ನೂ ಸಿಡಿಗಡ್ಡಿಯನ್ನೂ ಜಿಡ್ಡು ಪೂರ್ತಿ ಹೋಗುವಂತೆ ತೊಳೆದು, ಒಣಗಿಸಿ, ಚಳಿಗೆ ಗಟ್ಟಿಯಾಗದ ತೆಳು ಎಣ್ಣೆಯನ್ನು ಬಟ್ಟೆಯಲ್ಲಿ ಸವರಿ ಒರೆಸಿಬಿಡಿ. ಕಿವಿಗಳ ಹಿಂಬದಿಗೆ ಮಾತ್ರ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು.