ಹದಿನೈದು ದಿನದ ಸುಣ್ಣ, ಒಂದು ದಿನದ ಶಿಬಿರ

ಕಾಲೇಜಿಗೆ ಕಲಾವಿದರನ್ನು ಕರೆಸಬೇಕು, ಚಿತ್ರಗಳಿಗೊಂದು ಗ್ಯಾಲರಿ ಬೇಕು ಎಂಬ ಮಾತು ಕಾರವಾರ, ಶಿರಸಿಯ ಕಡೆ ಹೊಸದಲ್ಲ. ಯಾವ ಯೋಜನೆಯಡಿ, ಯಾರ ದುಡ್ಡಿನಲ್ಲಿ, ಎಷ್ಟು ದಿನಕ್ಕೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತು. ಚಿತ್ರ ಕಲಿಯಬೇಕೆಂದವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆಯೇ ಗುರಿ, 1956ರ ಏಕೀಕರಣದ ಬಳಿಕ ಧಾರವಾಡ, ಮೈಸೂರು, ಬೆಂಗಳೂರು. ಊರಿನಲ್ಲಿ ಕಾಲೇಜುಗಳು ಎದ್ದವು, ಕರ್ನಾಟಕ ವಿಶ್ವವಿದ್ಯಾಲಯದ ಪದವಿಗಳು ಬಂದವು. ಚಿತ್ರಕಲೆ ಬಹುಮಟ್ಟಿಗೆ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರ ಬಳಿಯೇ, ಲೋವರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಲ್ಲೇ ಉಳಿಯಿತು.

ಮುಂದಿನದು ಶಿಬಿರಗಳ ಕಾಲ. ನಾನು ಹತ್ತಿರದಿಂದ ಬಲ್ಲದ್ದು ಇದನ್ನೇ. ಬೆಳಿಗ್ಗೆ ಬಸ್ಸಿಳಿದು ಬರುವ ಕಲಾವಿದರು, ಮರದ ನೆರಳಲ್ಲಿ ಸಾಲಾಗಿ ಸ್ಟ್ಯಾಂಡುಗಳು, ಸಂಜೆ ಶಾಲು, ಹಾರ, ಗುಂಪು ಫೋಟೊ. ವಿದ್ಯಾರ್ಥಿಗಳು ಬಣ್ಣ ಒಣಗುವುದನ್ನು ನೋಡುವಷ್ಟರಲ್ಲಿ ಬಂದವರು ಹೊರಟಿರುತ್ತಿದ್ದರು. ಕರಾವಳಿಯ ಒಂದು ಕಾಲೇಜಿನಲ್ಲಿ ಅಂಥ ಶಿಬಿರದ ಕ್ಯಾನ್ವಾಸುಗಳನ್ನು ಕ್ರೀಡಾ ಸಾಮಗ್ರಿಯ ಕೋಣೆಯಲ್ಲಿ, ವಾಲಿಬಾಲ್ ನೆಟ್ಟಿನ ಹಿಂದೆ ಒರಗಿಸಿಟ್ಟದ್ದನ್ನು ಕಂಡಿದ್ದೇನೆ. ಆಷಾಢ ಕಳೆಯುವುದರೊಳಗೆ ಅವುಗಳಿಗೆ ಬೂಷ್ಟು ಹಿಡಿದಿತ್ತು. ಒಂದು ಕಡಲ ಚಿತ್ರದ ನೀಲಿಯ ಮೇಲೆಲ್ಲ ಬೂದು ಚುಕ್ಕೆ. ಬೆರಳಿನಿಂದ ಒರೆಸಿದರೆ ಬಣ್ಣವೂ ಜೊತೆಗೆ ಬಂತು.

ಇಲ್ಲಿಯ ಮಳೆಯಲ್ಲಿ ಗ್ಯಾಲರಿ ಎಂದರೆ ನಾಲ್ಕು ಗೋಡೆ, ನಾಲ್ಕು ಮೊಳೆಯಲ್ಲ. ಗಾಳಿ ಆಡಬೇಕು, ತೇವ ತಡೆಯಬೇಕು, ವರ್ಷವಿಡೀ ನೋಡಿಕೊಳ್ಳುವವರಿರಬೇಕು.

ಈ ತೇವಕ್ಕೆ ನಮ್ಮ ಹಿರಿಯರು ಕಂಡುಕೊಂಡ ಉತ್ತರ, ಗೋಡೆಯ ಗಾರೆಯಲ್ಲೇ ಕೆರೆದು ಬಿಡಿಸುವ ಕಾವಿ ಕಲೆ. ಅಂಕೋಲಾ, ಕುಮಟಾ, ಭಟ್ಕಳದ ಕಡೆಯ ಗುಡಿಗಳಲ್ಲಿ, ಶಿರಸಿಯ ಮಾರಿಕಾಂಬಾ ದೇವಸ್ಥಾನದಲ್ಲಿ ಅದರ ಗುರುತುಗಳಿವೆ. ಹೊನ್ನಾವರದವರಾದ ವಿಜ್ಞಾನಿ ಕೃಷ್ಣಾನಂದ ಕಾಮತರು ಅದರ ವಿಧಾನವನ್ನು ದಾಖಲಿಸಿದ್ದಾರೆ. ಚಿಪ್ಪು ಸುಟ್ಟ ಸುಣ್ಣಕ್ಕೆ ತೊಳೆದ ಮರಳು, ಬೆಲ್ಲ ಬೆರೆಸಿ ಹದಿನೈದು ದಿನ ಕೊಳೆಯಲು ಬಿಡಬೇಕು. ಆಮೇಲೆ ಕುಟ್ಟಿ ಹದಮಾಡಬೇಕು. ಬಿಳಿ ಗಾರೆಯ ಮೇಲೆ ಕೆಂಪು ಪದರ ಬಳಿದು, ಹಸಿ ಆರುವ ಮುನ್ನ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ರೇಖೆಯಾಗಿ ಮೇಲೇಳುತ್ತದೆ. ಇಲ್ಲಿ ಗೋಡೆಯೇ ಚಿತ್ರ. ಇದನ್ನು ಒಂದು ದಿನದ ಶಿಬಿರದಲ್ಲಿ ಕಲಿಸುವುದು ಹೇಗೆ? ಸುಣ್ಣವೇ ಹದಕ್ಕೆ ಬಂದಿರುವುದಿಲ್ಲ.

1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ರವೀಂದ್ರನಾಥ ಟ್ಯಾಗೋರರು ಬಂದಿದ್ದರು. ಕಾರವಾರದ ಕಡಲತೀರಕ್ಕೆ ಅವರದೇ ಹೆಸರು. ಅವರು 1919ರಲ್ಲಿ ಶಾಂತಿನಿಕೇತನದಲ್ಲಿ ತೆರೆದ ಕಲಾಭವನಕ್ಕೆ ಜೈಪುರದ ಭಿತ್ತಿಚಿತ್ರ ಕುಶಲಕರ್ಮಿಯನ್ನು ಕರೆಸಿ, ವಿದ್ಯಾರ್ಥಿಗಳಿಗೆ ಗಾರೆಯ ಕೆಲಸ ಕಲಿಸಿದರು. ಕಲಾವಿದರು ಅಲ್ಲೇ ಉಳಿದು ಕಲಿಸಿದರು, ಕಟ್ಟಡಗಳ ಗೋಡೆಗಳೇ ಗ್ಯಾಲರಿಯಾದವು. ಹೆಸರನ್ನು ನಾವು ಇಟ್ಟುಕೊಂಡೆವು. ಆ ಪದ್ಧತಿಯೂ ಇತ್ತ ಬರಬೇಕಿತ್ತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಉನ್ನತ ಶಿಕ್ಷಣ ಸಂಸ್ಥೆಯೂ ಕಲಾವಿದರನ್ನು ಆವರಣದಲ್ಲೇ ಇರಿಸಿಕೊಳ್ಳುವ ಗುರಿ ಹೊಂದಬೇಕೆಂದಿತು. 2023ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಅದಕ್ಕೆ ಮಾರ್ಗಸೂಚಿ ತಂದಿತು. ಅಷ್ಟರಲ್ಲಿ ರಾಜ್ಯದಲ್ಲಿ ಆ ನೀತಿಯ ಮೇಲೇ ಚರ್ಚೆ ಎದ್ದು, 2024ರಲ್ಲಿ ಆ ನೀತಿಯ ನಾಲ್ಕು ವರ್ಷದ ಪದವಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯ, ಕ್ರೆಡಿಟ್ಟುಗಳ ಈ ಅದಲುಬದಲಿನಲ್ಲಿ ಅತಿಥಿ ಕಲಾವಿದರ ವಿಷಯ ಯಾವ ಫೈಲಿನಲ್ಲಿರಬೇಕು ಎಂಬುದೇ ಗೋಜಲಾಗಿದೆ.

ಇತ್ತ ಗುಡಿಗಳ ಜೀರ್ಣೋದ್ಧಾರದಲ್ಲಿ ಎಷ್ಟೋ ಕಾವಿ ಗೋಡೆಗಳು ಉರುಳಿವೆ, ಅವುಗಳ ಜಾಗಕ್ಕೆ ಟೈಲ್ಸ್ ಬಂದಿದೆ. ಶಿರಸಿ, ಕುಮಟಾದ ಗುಡಿಗಾರರು ಶ್ರೀಗಂಧ ಕೆತ್ತುತ್ತಾರೆ, ಸಿದ್ದಾಪುರದ ದೀವರ ಸಮುದಾಯದ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಲ್ಲಿ ಗೋಡೆಗೆ ಹಸೆ ಚಿತ್ತಾರ ಬರೆಯುತ್ತಾರೆ. ಇವರನ್ನು ಕರೆಸಲು ದೂರದ ಊರಿನ ಟಿಕೆಟ್ ಬೇಕಿಲ್ಲ. ವೇಳಾಪಟ್ಟಿಯಲ್ಲಿ ಎರಡು ವಾರ ಬೇಕು, ಕಾಲೇಜಿನದೊಂದು ಗೋಡೆ ಬೇಕು. ದೀಪಾವಳಿ ಕಳೆಯುವ ಹೊತ್ತಿಗೆ ಗೋಡೆಗಳ ಮಳೆನೀರು ಆರಿರುತ್ತದೆ. ಸುಣ್ಣ ಕೊಳೆಹಾಕಲು ಅದೇ ಸರಿಯಾದ ಕಾಲ.